ಕಲಬುರಗಿ ಗಂಜಿನ ತೊಗರಿಗೆ ದರ ಕಟ್ಟುವವರು ಯಾರು?

ಜನವರಿಯ ಒಂದು ಮುಂಜಾನೆ ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ಪರಿಚಯದ ಅಡತಿ (ದಲ್ಲಾಳಿ) ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತಿದ್ದೆ. ಅಫಜಲಪುರದ ಕಡೆಯಿಂದ ಹದಿನೆಂಟು ಚೀಲ ತೊಗರಿ ತಂದಿದ್ದ ಹಿರಿಯ ರೈತರೊಬ್ಬರು ತಮ್ಮ ರಾಶಿಯ ಪಕ್ಕದಲ್ಲೇ ಟವೆಲ್ ಹಾಸಿಕೊಂಡು ಕುಳಿತಿದ್ದರು. ಮಾಲು ನೋಡಲು ಬಂದ ತರುಣ ಖರೀದಿದಾರ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ಹೆಬ್ಬೆರಳಿನಿಂದ ಕಸರನ್ನು ಸರಿಸಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ತೇವ ನೋಡಿದ. "ಕಾಕಾ, ಕಾಳು ಚಲೋ ಅದ. ಆದ್ರ ಬರ್ಮಾ ಮಾಲು ಬಂದದ, ಲೆಮನ್ ರೇಟು ನಿನ್ನಿಗಿಂತ ಇಳದದ. ನಾ ಏನ್ ಮಾಡ್ಲಿ ಹೇಳ್ರಿ" ಎಂದು ಮೊಬೈಲಿನ ಪರದೆಯನ್ನು ಅವರ ಮುಂದೆ ಹಿಡಿದ. ಕಾಕಾ ಪರದೆಯನ್ನು ನೋಡಲಿಲ್ಲ. "ಬರ್ಮಾದಾಗೂ ಈ ಸಲ ನಮ್ಮಂಗೇ ಮಳಿ ಆಗ್ಯದೇನು ತಮ್ಮಾ?" ಎಂದು ಕೇಳಿದರು.

ಆ ಪ್ರಶ್ನೆಗೆ ಕಟ್ಟೆಯ ಮೇಲಿದ್ದ ಒಂದಿಬ್ಬರು ನಕ್ಕರು. ನನಗೆ ಮಾತ್ರ ಅದು ನಗುವ ಪ್ರಶ್ನೆಯಾಗಿ ಕಾಣಲಿಲ್ಲ. ಜಾಗತೀಕರಣ ಎಂಬ ಪದವನ್ನು ನಾವು ಸಾಮಾನ್ಯವಾಗಿ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ, ವಿದೇಶಿ ಕಂಪನಿಗಳ ಮೊಬೈಲುಗಳಿಗೆ, ಮಾಲ್‌ಗಳಿಗೆ ಜೋಡಿಸಿ ಮಾತನಾಡುತ್ತೇವೆ. ಕಲಬುರಗಿ ಸೀಮೆಗೆ ಅದು ಗೋಣಿಚೀಲದಲ್ಲಿ ಬರುತ್ತದೆ. ಇಲ್ಲಿ ಸುಮಾರು 6 ಲಕ್ಷ ಹೆಕ್ಟೇರಿನಲ್ಲಿ ಬೆಳೆಯುವ ತೊಗರಿಯ ದರವು ಮ್ಯಾನ್ಮಾರ್‌ನ ಸುಗ್ಗಿಗೆ, ಪೂರ್ವ ಆಫ್ರಿಕಾದ ಬಂದರುಗಳಿಗೆ, ಡಾಲರಿನ ಏರಿಳಿತಕ್ಕೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ದೆಹಲಿಯಿಂದ ಹೊರಡುವ ಒಂದು ಪುಟದ ಅಧಿಸೂಚನೆಗೆ ಹೇಗೆ ಕಟ್ಟುಬಿದ್ದಿದೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಮೊದಲು ಲೆಕ್ಕವನ್ನು ನೋಡೋಣ. ಜಗತ್ತಿನಲ್ಲಿ ಅತಿ ಹೆಚ್ಚು ತೊಗರಿ ಬೆಳೆಯುವ ದೇಶ ಭಾರತ, ಅತಿ ಹೆಚ್ಚು ತಿನ್ನುವ ದೇಶವೂ ಅದೇ, ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶವೂ ಅದೇ. ಈಚಿನ ವರ್ಷಗಳಲ್ಲಿ ದೇಶದ ಉತ್ಪಾದನೆ ಸುಮಾರು 35 ಲಕ್ಷ ಟನ್‌ಗಳ ಆಸುಪಾಸಿನಲ್ಲಿದ್ದರೆ, ಬೇಡಿಕೆ ಅದಕ್ಕಿಂತ ಹತ್ತು ಲಕ್ಷ ಟನ್‌ಗಳಷ್ಟು ಹೆಚ್ಚಿದೆ. ಈ ಕೊರತೆಯನ್ನು ತುಂಬಲು ಮುಖ್ಯವಾಗಿ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ ಮತ್ತು ಮಲಾವಿಗಳಿಂದ ತೊಗರಿ ಬರುತ್ತದೆ. ಗಂಜಿನವರು ಇಂದಿಗೂ ಮ್ಯಾನ್ಮಾರ್ ಎನ್ನುವುದಿಲ್ಲ, ಬರ್ಮಾ ಎಂದೇ ಕರೆಯುತ್ತಾರೆ. ಅಲ್ಲಿಂದ ಬರುವ ತೊಗರಿಗೆ ವ್ಯಾಪಾರದಲ್ಲಿ ಲೆಮನ್ ಎಂಬ ಹೆಸರು ಬಿದ್ದಿದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗೋಧಿಯನ್ನೋ ಅಕ್ಕಿಯನ್ನೋ ಬೆಳೆಯುವ ದೇಶ ಮೊದಲು ತಾನು ತಿಂದು, ಮಿಕ್ಕದ್ದನ್ನು ಹೊರಗೆ ಮಾರುತ್ತದೆ. ಕೊಳ್ಳುವವರೂ ಹಲವು ದೇಶಗಳಲ್ಲಿರುತ್ತಾರೆ. ಮ್ಯಾನ್ಮಾರ್‌ನ ರೈತನ ಮನೆಯ ಊಟದಲ್ಲಿ ನಮ್ಮಂತೆ ತೊಗರಿ ಬ್ಯಾಳಿ ಇರುವುದಿಲ್ಲ. ಮೊಜಾಂಬಿಕ್‌ನ ಉತ್ತರದ ಪ್ರಾಂತ್ಯಗಳ ಸಣ್ಣ ರೈತರೂ ತಾವು ಬೆಳೆದ ತೊಗರಿಯ ಬಹುಪಾಲನ್ನು ಹಡಗಿಗೆ ಏರಿಸಲೆಂದೇ ಬೆಳೆಯುತ್ತಾರೆ. ಹೀಗಾಗಿ ತೊಗರಿಯ ಜಾಗತಿಕ ಮಾರುಕಟ್ಟೆ ಎಂದರೆ ಹಲವು ಮಾರಾಟಗಾರರು ಮತ್ತು ಹೆಚ್ಚುಕಡಿಮೆ ಒಬ್ಬನೇ ಗಿರಾಕಿ ಇರುವ ಸಂತೆ. ಆ ಗಿರಾಕಿ ಸಂತೆಗೆ ಬಾರದ ದಿನ ಮಾಲು ಬಯಲಿನಲ್ಲೇ ಉಳಿಯುತ್ತದೆ.

ಇನ್ನು ಕಾಲದ ಹೊಂದಿಕೆ. ನಮ್ಮಲ್ಲಿ ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ರಾಶಿಯಾಗುತ್ತದೆ. ಆಫ್ರಿಕಾದ ಸುಗ್ಗಿ ಜುಲೈ ನಂತರದ್ದು. ಅಲ್ಲಿನ ಹಡಗುಗಳು ಸೆಪ್ಟೆಂಬರ್‌ನಿಂದ ಮುಂದಕ್ಕೆ, ಎಂದರೆ ನಮ್ಮ ಹಳೆಯ ದಾಸ್ತಾನು ಮುಗಿಯುತ್ತ ಬಂದು ದರ ಏರುವ ಹೊತ್ತಿಗೆ, ಮುಂಬೈ ಕಡೆಯ ಬಂದರುಗಳಿಗೆ ಬರತೊಡಗುತ್ತವೆ. ಮ್ಯಾನ್ಮಾರ್‌ನ ಸುಗ್ಗಿ ಜನವರಿ–ಫೆಬ್ರುವರಿಯದು, ಹಾಗಾಗಿ ಅದು ನೇರವಾಗಿ ನಮ್ಮ ಆವಕದ ಜೊತೆಗೇ ಪೈಪೋಟಿಗೆ ನಿಲ್ಲುತ್ತದೆ. ದಾಸ್ತಾನು ಕಡಿಮೆಯಿದ್ದಾಗ ಸಿಗಬೇಕಾದ ಒಳ್ಳೆಯ ದರಕ್ಕೆ ಆಫ್ರಿಕಾದ ಮಾಲು ತಡೆಯಾದರೆ, ಸುಗ್ಗಿಯ ದರವನ್ನು ಬರ್ಮಾದ ಮಾಲು ಜಗ್ಗಿ ಹಿಡಿಯುತ್ತದೆ. ಕಾಕಾ ಕೇಳಿದ ಮಳೆಯ ಪ್ರಶ್ನೆಗೆ ಅರ್ಥ ಬರುವುದು ಇಲ್ಲಿಯೇ.

ಆಮದು ಮಾಲು ನಮ್ಮ ದರಕ್ಕೆ ಹೇಗೆ ಮಿತಿ ಹಾಕುತ್ತದೆ ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಯಾಂಗೂನ್ ಬಂದರಿನ ಮಾಲಿಗೆ ಭಾರತದ ಬಂದರು ಮುಟ್ಟುವವರೆಗಿನ ಸಾಗಣೆಯೂ ಸೇರಿ ಟನ್ನಿಗೆ 800 ಡಾಲರ್ ಆಯಿತೆಂದು ಇಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿಯಂತೆ ಅದು ಟನ್ನಿಗೆ 68,000, ಕ್ವಿಂಟಲ್‌ಗೆ 6,800 ರೂಪಾಯಿ. ಇಳಿಸುವ ಖರ್ಚು, ಬಡ್ಡಿ, ವ್ಯಾಪಾರಿಯ ಲಾಭ ಸೇರಿ ಏಳು ಸಾವಿರದ ಹತ್ತಿರಕ್ಕೆ ಹೋಗುತ್ತದೆ. ಬಂದರಿನ ಸಮೀಪದ ದಾಲ್ ಮಿಲ್ಲಿನವನಿಗೆ ಈ ದರದಲ್ಲಿ ಬೇಕಾದಷ್ಟು ತೊಗರಿ ಸಿಗುವಾಗ ಅವನು ಕಲಬುರಗಿಯ ಮಾಲಿಗೆ ಎಂಟು ಸಾವಿರ ಕೊಡಬೇಕಾದರೆ ಅದರ ಗುಣಮಟ್ಟಕ್ಕಾಗಿ ಮಾತ್ರ ಕೊಡಬೇಕು. ಮ್ಯಾನ್ಮಾರ್‌ನ ನಾಣ್ಯ ಕ್ಯಾಟ್ ಕುಸಿದರೂ, ನಮ್ಮ ರೂಪಾಯಿ ಕುಸಿದರೂ, ಹಡಗಿನ ಬಾಡಿಗೆ ಏರಿದರೂ ಈ ಮಿತಿ ಮೇಲೆ ಕೆಳಗೆ ಸರಿಯುತ್ತದೆ. ಆ ತರುಣನ ಮೊಬೈಲಿನಲ್ಲಿ ಕ್ಷಣಕ್ಷಣಕ್ಕೆ ಬದಲಾಗುತ್ತಿದ್ದುದು ಈ ಲೆಕ್ಕವೇ ಆಗಿತ್ತು.

ಹಾಗಿದ್ದರೆ ಆಮದು ಸುಂಕ ಹಾಕಿಬಿಟ್ಟರೆ ಆಯಿತಲ್ಲ ಎಂದು ಸಭೆಗಳಲ್ಲಿ ಅನೇಕರು ಕೇಳುತ್ತಾರೆ. 2017ರ ಮಾರ್ಚ್‌ನಲ್ಲಿ ತೊಗರಿಗೆ ಶೇ. 10ರಷ್ಟು ಸುಂಕ ಹಾಕಲಾಗಿತ್ತು. 2023ರ ಮಾರ್ಚ್‌ನಲ್ಲಿ ಅದನ್ನು ತೆಗೆದಾಗ ದೊಡ್ಡ ಸುದ್ದಿಯೂ ಆಯಿತು. ಆದರೆ ಸುದ್ದಿಯಾದಷ್ಟು ದೊಡ್ಡ ಬದಲಾವಣೆ ಅದಾಗಿರಲಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳು ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅತಿ ಹಿಂದುಳಿದ ರಾಷ್ಟ್ರಗಳು. ಅಂಥ ದೇಶಗಳ ಸರಕಿಗೆ ಭಾರತ 2008ರಿಂದಲೇ ಸುಂಕ ವಿನಾಯಿತಿಯ ಯೋಜನೆಯೊಂದನ್ನು ನಡೆಸಿಕೊಂಡು ಬಂದಿದೆ. ನಮಗೆ ತೊಗರಿ ಮಾರುವ ಮುಖ್ಯ ದೇಶಗಳೆಲ್ಲ ಆ ಪಟ್ಟಿಯಲ್ಲಿರುವುದರಿಂದ ಸುಂಕದ ಬಾಗಿಲು ಅವರಿಗೆ ಹೆಚ್ಚುಕಡಿಮೆ ತೆರೆದೇ ಇತ್ತು. ನಿಜವಾದ ಅಗುಳಿ ಇರುವುದು ಬೇರೆ ಕಡೆ. ವಿದೇಶಿ ವ್ಯಾಪಾರ ಮಹಾ ನಿರ್ದೇಶನಾಲಯವು ಪ್ರತಿಯೊಂದು ಸರಕನ್ನೂ "ಮುಕ್ತ", "ನಿರ್ಬಂಧಿತ" ಅಥವಾ "ನಿಷೇಧಿತ" ಎಂದು ವರ್ಗೀಕರಿಸುತ್ತದೆ. ತೊಗರಿ "ನಿರ್ಬಂಧಿತ"ಕ್ಕೆ ಹೋದರೆ ವರ್ಷಕ್ಕೆ ಇಷ್ಟೇ ಟನ್ ಎಂಬ ಕೋಟಾ ಬೀಳುತ್ತದೆ, "ಮುಕ್ತ"ಕ್ಕೆ ಬಂದರೆ ಯಾರು ಎಷ್ಟು ಬೇಕಾದರೂ ತರಬಹುದು. ನಮ್ಮ ರೈತರ ಹತ್ತು ವರ್ಷಗಳ ಏಳುಬೀಳು ಈ ಎರಡು ಪದಗಳ ನಡುವಿನ ಓಡಾಟ.

ಆ ಹತ್ತು ವರ್ಷಗಳ ಕಥೆ 2015ರ ಬರದಿಂದ ಶುರುವಾಗುತ್ತದೆ. 2015–16ರಲ್ಲಿ ದೇಶದ ತೊಗರಿ ಉತ್ಪಾದನೆ ಸುಮಾರು 25.6 ಲಕ್ಷ ಟನ್ನಿಗೆ ಇಳಿಯಿತು. ಬೇಳೆಯ ವಿಷಯದಲ್ಲಿ ಹತ್ತರಲ್ಲಿ ಒಂದು ಪಾಲು ಕೊರತೆಯಾದರೆ ದರವೂ ಹತ್ತರಲ್ಲಿ ಒಂದು ಪಾಲು ಏರಿ ನಿಲ್ಲುವುದಿಲ್ಲ. ಜನ ಸಾರು ಮಾಡುವುದನ್ನು ಬಿಡುವುದಿಲ್ಲವಾದ್ದರಿಂದ ದರ ಎಷ್ಟೋ ಪಟ್ಟು ಜಿಗಿಯುತ್ತದೆ. ಆ ವರ್ಷದ ಅಕ್ಟೋಬರ್‌ನಲ್ಲಿ ಹಲವು ನಗರಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಸರ್ಕಾರ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು. ಒಂದು ಕಡೆ ಬೆಂಬಲ ಬೆಲೆಯನ್ನು ಬೋನಸ್ ಸೇರಿಸಿ 5,050 ರೂಪಾಯಿಗೆ ಏರಿಸಿ ಹೆಚ್ಚು ಬಿತ್ತಿರೆಂದು ನಮ್ಮ ರೈತರಿಗೆ ಹೇಳಿತು. ಇನ್ನೊಂದು ಕಡೆ 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡು, ಮೊದಲ ವರ್ಷ ಒಂದು ಲಕ್ಷ ಟನ್, ಐದನೆಯ ವರ್ಷಕ್ಕೆ ಎರಡು ಲಕ್ಷ ಟನ್ ಕೊಳ್ಳುವುದಾಗಿ ಅಲ್ಲಿನವರಿಗೂ ಮಾತು ಕೊಟ್ಟಿತು. ಆ ವರ್ಷವನ್ನು ವಿಶ್ವಸಂಸ್ಥೆ ಬೇಳೆಕಾಳುಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿತ್ತು ಎಂಬುದನ್ನು ಇಂದು ನೆನೆದರೆ ಸ್ವಲ್ಪ ಕಸಿವಿಸಿಯಾಗುತ್ತದೆ.

ಏಕೆಂದರೆ ಇಬ್ಬರೂ ಆ ಮಾತನ್ನು ನಂಬಿ ಬಿತ್ತಿದರು. 2016–17ರಲ್ಲಿ ಮಳೆಯೂ ಕೈ ಹಿಡಿಯಿತು. ದೇಶದ ಉತ್ಪಾದನೆ ಒಮ್ಮೆಲೇ 48.7 ಲಕ್ಷ ಟನ್ನಿಗೆ ಏರಿತು, ಅದರ ಮೇಲೆ ಸುಮಾರು 7 ಲಕ್ಷ ಟನ್ ಆಮದೂ ಬಂದಿತ್ತು. ಗಂಜಿನಲ್ಲಿ ದರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದಿತ್ತು. ಗೋಣಿಚೀಲ ಇಲ್ಲವೆಂದು ಒಂದು ದಿನ, ಗೋದಾಮು ತುಂಬಿದೆಯೆಂದು ಮತ್ತೊಂದು ದಿನ ತೂಕ ನಿಲ್ಲುತ್ತಿತ್ತು. ನನ್ನ ಸಂಬಂಧಿಕರೊಬ್ಬರು ಅಂಥ ಸಾಲಿನಲ್ಲಿ ನಾಲ್ಕು ರಾತ್ರಿ ಚೀಲಗಳ ಮೇಲೆಯೇ ಮಲಗಿ, ಐದನೆಯ ದಿನ ಬೇಸತ್ತು ಅರ್ಧ ಮಾಲನ್ನು ಹೊರಗಿನ ವ್ಯಾಪಾರಿಗೆ ಕೊಟ್ಟು ಬಂದರು. ಬಾಡಿಗೆ ಟ್ರ್ಯಾಕ್ಟರಿನ ದಿನದ ಲೆಕ್ಕ ಏರುತ್ತಿತ್ತು, ಅದು ನಿಲ್ಲುವಂಥದ್ದಲ್ಲ.

ಆಗ ದೆಹಲಿ ಅಗುಳಿ ಹಾಕಿತು. 2017ರ ಆಗಸ್ಟ್‌ನಲ್ಲಿ ತೊಗರಿಯನ್ನು "ನಿರ್ಬಂಧಿತ"ಕ್ಕೆ ಸೇರಿಸಿ ವರ್ಷಕ್ಕೆ 2 ಲಕ್ಷ ಟನ್ ಎಂಬ ಮಿತಿ ಹೇರಲಾಯಿತು. ಸರ್ಕಾರಗಳ ನಡುವಿನ ಒಪ್ಪಂದದ ಮಾಲಿಗೆ ಅದು ಅನ್ವಯಿಸಲಿಲ್ಲ. ಆದರೆ ಮೊಜಾಂಬಿಕ್‌ನ ರೈತರು ಒಪ್ಪಂದದ ಪ್ರಮಾಣಕ್ಕಿಂತ ಹೆಚ್ಚು ಬೆಳೆದಿದ್ದರು. ಅವರ ಸುಗ್ಗಿಯೂ ಸರಿಯಾಗಿ ಆಗಲೇ ನಡೆದಿತ್ತು. ಅಲ್ಲಿ ದರ ನೆಲಕಚ್ಚಿತು. ಭಾರತ ಬಿಟ್ಟರೆ ಬೇರೆ ದೊಡ್ಡ ಗಿರಾಕಿ ಇರಲಿಲ್ಲ, ಮನೆಯಲ್ಲಿ ಬೇಯಿಸಿ ಮುಗಿಸುವ ಪ್ರಮಾಣವೂ ಅದಾಗಿರಲಿಲ್ಲ. ನಮ್ಮ ರೈತ ಸಂಘಟನೆಗಳ ಭಾಷಣಗಳಲ್ಲಿ ಆಫ್ರಿಕಾದ ರೈತನು ಕಲಬುರಗಿಯ ಅನ್ನ ಕಿತ್ತುಕೊಳ್ಳುವವನಂತೆ ಬರುತ್ತಾನೆ. ಆ ವರ್ಷದ ಸಂಗತಿಗಳನ್ನು ಎದುರು ಬದುರು ಇಟ್ಟು ನೋಡಿದರೆ ಫೆಬ್ರುವರಿಯಲ್ಲಿ ಅಫಜಲಪುರದ ರೈತನಿಗೆ ಆದದ್ದೇ ಆಗಸ್ಟ್‌ನಲ್ಲಿ ಮೊಜಾಂಬಿಕ್‌ನವನಿಗೂ ಆಯಿತು. ಇಬ್ಬರಿಗೂ ಬಿತ್ತನೆಯ ಮುಂಚೆ ಒಂದು ಮಾತು, ರಾಶಿಯ ನಂತರ ಇನ್ನೊಂದು ಮಾತು ಸಿಕ್ಕಿತ್ತು.

ಮುಂದಿನ ತಿರುವು 2021ರದು. ಕೋವಿಡ್ ಕಾಲದಲ್ಲಿ ಬೇಳೆಯ ದರ ಮತ್ತೆ ಏರಿದಾಗ ಆ ವರ್ಷದ ಮೇ 15ರಂದು ತೊಗರಿ, ಉದ್ದು, ಹೆಸರುಗಳನ್ನು "ಮುಕ್ತ"ಕ್ಕೆ ತರಲಾಯಿತು. ಮ್ಯಾನ್ಮಾರ್‌ನಿಂದ ವರ್ಷಕ್ಕೆ ಒಂದು ಲಕ್ಷ ಟನ್, ಮಲಾವಿಯಿಂದ 50,000 ಟನ್ ತೊಗರಿ ಕೊಳ್ಳುವ ಒಪ್ಪಂದಗಳೂ ಆದವು. ತೊಗರಿಯ ಮುಕ್ತ ಆಮದಿನ ಅವಧಿಯನ್ನು ಅಂದಿನಿಂದ ಕಂತು ಕಂತಾಗಿ ವಿಸ್ತರಿಸುತ್ತ ಬರಲಾಗಿದ್ದು, 2025ರ ಜನವರಿಯ ಆದೇಶ ಅದನ್ನು 2026ರ ಮಾರ್ಚ್ 31ರವರೆಗೆ ಒಯ್ದಿತು. 2023ರ ಜೂನ್ 2ರಂದು ಅಗತ್ಯ ವಸ್ತುಗಳ ಕಾಯ್ದೆಯಡಿ ದಾಸ್ತಾನಿಗೂ ಮಿತಿ ಬಂತು. ಸಗಟು ವ್ಯಾಪಾರಿ 200 ಟನ್, ಕಿರಾಣಿ ವ್ಯಾಪಾರಿ 5 ಟನ್ನಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಸಗಟು ಮಿತಿಯನ್ನು 50 ಟನ್ನಿಗೆ ಇಳಿಸಲಾಯಿತು. ದಾಸ್ತಾನು ಮಿತಿ ಕಾಳಸಂತೆಕೋರರಿಗೆ ಹಾಕಿದ ಲಗಾಮು ಎಂದು ನಗರದವರು ತಿಳಿಯುತ್ತಾರೆ. ಅದು ನಿಜವೂ ಹೌದು. ಆದರೆ ವ್ಯಾಪಾರಿಗೆ ಮಾಲು ಇಟ್ಟುಕೊಳ್ಳಲು ಆಗದಿದ್ದಾಗ ಅವನು ಕೊಳ್ಳುವುದನ್ನೂ ನಿಲ್ಲಿಸುತ್ತಾನೆ ಎಂಬುದು ಗಂಜಿನಲ್ಲಿ ಕುಳಿತವರಿಗೆ ಮಾತ್ರ ಕಾಣುವ ಇನ್ನೊಂದು ಮಗ್ಗುಲು.

ಇಷ್ಟಾದರೂ 2023ರ ಕೊನೆಯಲ್ಲಿ ತೊಗರಿ ಕ್ವಿಂಟಲ್‌ಗೆ ಹತ್ತು ಹನ್ನೆರಡು ಸಾವಿರ ಮುಟ್ಟಿತ್ತು. ಕಾರಣ ಹಿಂದಿನ ವರ್ಷ ಕಲಬುರಗಿ ಸೀಮೆಯಲ್ಲಿ ನೆಟೆ ರೋಗ ಬಂದು, ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿ ನಿಂತಿತ್ತು. ಅಳಿದುಳಿದ ಬೆಳೆಯನ್ನು ಜನವರಿ–ಫೆಬ್ರುವರಿಯಲ್ಲಿ ಏಳು ಸಾವಿರದ ಆಸುಪಾಸಿನಲ್ಲಿ ಮಾರಿದ ರೈತರು ಅದೇ ಮಾಲಿಗೆ ವರ್ಷಾಂತ್ಯದಲ್ಲಿ ಬಂದ ದರವನ್ನು ಪತ್ರಿಕೆಯಲ್ಲಿ ಓದಿದರು. ಆ ದರವನ್ನು ನೆಚ್ಚಿ ಮರುವರ್ಷ ಬಿತ್ತಿದವರ ಪಾಲಿಗೆ 2025ರ ಜನವರಿ ಬಂತು. 2024–25ರಲ್ಲಿ ಸುಮಾರು 12 ಲಕ್ಷ ಟನ್ ತೊಗರಿ ಆಮದಾಯಿತು, ಅಷ್ಟರವರೆಗಿನ ವರ್ಷಗಳಿಗೆ ಹೋಲಿಸಿದರೆ ಬಹಳ ದೊಡ್ಡ ಮೊತ್ತ. ಮಾರುಕಟ್ಟೆಯ ದರ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಕ್ಕೆ ಇಳಿಯಿತು. ರಾಜ್ಯ ಸರ್ಕಾರ ತನ್ನ ಕಡೆಯಿಂದ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ 8,000 ಮಾಡಬೇಕಾಯಿತು.

ಹಿಂದೆ ಬೆಳೆ ಕೆಟ್ಟ ವರ್ಷ ದರ ಏರುತ್ತಿತ್ತು. ಹತ್ತು ಚೀಲದ ಜಾಗದಲ್ಲಿ ಆರು ಚೀಲ ಬಂದರೂ ಒಂದಿಷ್ಟು ಲೆಕ್ಕ ಸರಿಹೋಗುತ್ತಿತ್ತು. ಆಮದಿನ ಬಾಗಿಲು ಸದಾ ತೆರೆದಿರುವಾಗ ನಮ್ಮ ಬೆಳೆ ಕೆಟ್ಟದ್ದು ದೇಶದ ಕೊರತೆಯಾಗಿ ಉಳಿಯುವುದೇ ಇಲ್ಲ. 2025ರ ಆಗಸ್ಟ್–ಸೆಪ್ಟೆಂಬರ್‌ನ ಅತಿವೃಷ್ಟಿಯಲ್ಲಿ, ಭೀಮೆಯ ಪ್ರವಾಹದಲ್ಲಿ ಬೆಳೆ ಕಳೆದುಕೊಂಡವರಿಗೆ ಇಳುವರಿಯ ನಷ್ಟವನ್ನು ದರ ತುಂಬಿಕೊಡುತ್ತದೆ ಎಂಬ ಹಳೆಯ ಧೈರ್ಯ ಇರಲಿಲ್ಲ. ಅರ್ಥಶಾಸ್ತ್ರಜ್ಞರು ಜಾಗತಿಕ ಮಾರುಕಟ್ಟೆ ಅಪಾಯವನ್ನು ಹಂಚುತ್ತದೆ ಎನ್ನುತ್ತಾರೆ. ಬೆಂಗಳೂರಿನ ಗ್ರಾಹಕನ ಮಟ್ಟಿಗೆ ಅದು ಪೂರ್ತಿ ಸರಿ. ಎರೆ ಭೂಮಿಯ ಒಣ ಬೇಸಾಯಗಾರನ ಮಟ್ಟಿಗೆ ಮಳೆಯ ಅಪಾಯ ಹಾಗೇ ಉಳಿದು, ದರದ ಅಪಾಯ ಹೊಸದಾಗಿ ಸೇರಿಕೊಂಡಿದೆ.

ದೆಹಲಿ ಹೀಗೇಕೆ ನಡೆದುಕೊಳ್ಳುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ರಿಸರ್ವ್ ಬ್ಯಾಂಕಿಗೆ ಹಣದುಬ್ಬರವನ್ನು ಶೇ. 4ರ ಸುತ್ತ ಹಿಡಿದಿಡುವ ಗುರಿಯಿದೆ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡಿದ್ದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಸುಮಾರು ಶೇ. 46 ಇತ್ತು, ಇಡೀ ಸೂಚ್ಯಂಕದಲ್ಲಿ ಬೇಳೆಕಾಳುಗಳ ಪಾಲು ಸುಮಾರು ಶೇ. 2.4. ಬೇಳೆಯ ದರ ಇಮ್ಮಡಿಯಾದರೆ ಆ ಸಣ್ಣ ಪಾಲೇ ಇಡೀ ಸೂಚ್ಯಂಕವನ್ನು ಎತ್ತಿಬಿಡುತ್ತದೆ, ಬಡ್ಡಿದರದ ನಿರ್ಧಾರಗಳು ಅಲುಗಾಡುತ್ತವೆ. ಕೂಲಿ ಮಾಡಿ ಬೇಳೆ ಕೊಳ್ಳುವ ಬಡವನಿಗೂ ದರ ಏರಿಕೆ ದೊಡ್ಡ ಹೊಡೆತ. ಕಲಬುರಗಿಯಲ್ಲೇ ಹೊಲವಿಲ್ಲದ ಕುಟುಂಬಗಳು ಸಾವಿರ ಸಾವಿರ ಇವೆ. ಹೀಗಾಗಿ ಆಮದನ್ನು ಪೂರಾ ನಿಲ್ಲಿಸಿ ಎಂಬ ಬೇಡಿಕೆಯನ್ನು ನಾನು ಒಪ್ಪಲಾರೆ.

ತೊಗರಿಗೆ ಇನ್ನೊಂದು ಪೈಪೋಟಿ ಸದ್ದಿಲ್ಲದೆ ಬಂದಿದೆ, ಅದು ಹಳದಿ ಬಟಾಣಿ. ಕೆನಡಾ ಮತ್ತು ರಷ್ಯಾಗಳ ವಿಶಾಲ ಹೊಲಗಳಲ್ಲಿ ಯಂತ್ರದಿಂದ ಬೆಳೆಯುವ ಈ ಕಾಳಿನ ದರ ತೊಗರಿಯ ದರಕ್ಕಿಂತ ಬಹಳ ಕಡಿಮೆ. 2017ರ ನವೆಂಬರ್‌ನಲ್ಲಿ ಇದಕ್ಕೆ ಶೇ. 50ರ ಸುಂಕ ಹಾಕಿದ್ದರು. 2023ರ ಡಿಸೆಂಬರ್‌ನಲ್ಲಿ ಆ ಸುಂಕವನ್ನು ಸಂಪೂರ್ಣವಾಗಿ ತೆಗೆದರು. ನಾಲ್ಕು ತಿಂಗಳಿಗೆಂದು ಕೊಟ್ಟ ವಿನಾಯಿತಿ ವಿಸ್ತರಣೆಗಳ ಮೇಲೆ ವಿಸ್ತರಣೆ ಪಡೆದು ಸುಮಾರು ಎರಡು ವರ್ಷ ನಡೆಯಿತು. 2025ರ ನವೆಂಬರ್ 1ರಿಂದ ಶೇ. 30ರ ಸುಂಕ ಮರಳಿತು. ಹಳದಿ ಬಟಾಣಿ ತೊಗರಿಯಲ್ಲ, ಕಡಲೆಯೂ ಅಲ್ಲ. ಆದರೆ ಅದರ ಹಿಟ್ಟು ಕಡಲೆ ಹಿಟ್ಟಿಗೆ ಬೆರೆಯುತ್ತದೆ. ಅದರ ಬೇಳೆ ಅಗ್ಗದ ಖಾನಾವಳಿಯ ಸಾರಿನಲ್ಲಿ ತೊಗರಿಯ ಜಾಗಕ್ಕೆ ಬರುತ್ತದೆ. ನಮ್ಮ ಕಡೆಯ ಹೆಂಗಸರು ಬ್ಯಾಳಿ ಕುದಿಯುವ ವಾಸನೆಯಲ್ಲೇ ವ್ಯತ್ಯಾಸ ಹೇಳುತ್ತಾರೆ. ಬೆರಕೆಯ ತಟ್ಟೆಯಲ್ಲಿ ಊಟ ಮುಗಿಸಿ ಎದ್ದವನಿಗೆ ಅದು ಗೊತ್ತಾಗುವುದಿಲ್ಲ.

ಇನ್ನು ವಿಶ್ವ ವ್ಯಾಪಾರ ಸಂಸ್ಥೆಯ ಕೇಂದ್ರ ಕಚೇರಿಯಿರುವ ಜಿನೀವಾದ ವಿಷಯ. ಭಾರತ 1995ರಲ್ಲಿ ಆ ಸಂಸ್ಥೆಯ ಸ್ಥಾಪಕ ಸದಸ್ಯರಲ್ಲೊಂದಾಯಿತು. ಅದರ ನಿಯಮಗಳಂತೆ ಆಮದಿಗೆ ಸುಂಕ ಹಾಕಬಹುದು, ಆದರೆ ಕೋಟಾದಂಥ ಪ್ರಮಾಣ ಮಿತಿಗಳು ಸಾಮಾನ್ಯವಾಗಿ ಸಲ್ಲವು. 2017ರ ಕೋಟಾವನ್ನು ಬೇಳೆ ರಫ್ತು ಮಾಡುವ ದೇಶಗಳು ಅಲ್ಲಿ ಪ್ರಶ್ನಿಸಿದವು. ಬೆಂಬಲ ಬೆಲೆಯನ್ನೂ ಬಿಡಲಿಲ್ಲ. 2019ರ ಫೆಬ್ರುವರಿಯಲ್ಲಿ ಅಮೆರಿಕ ಮತ್ತು ಕೆನಡಾ ಒಟ್ಟಾಗಿ ತೊಗರಿಯೂ ಸೇರಿದಂತೆ ಐದು ಬೇಳೆಕಾಳುಗಳಿಗೆ ಭಾರತ ಕೊಡುವ ಬೆಂಬಲ ಮಿತಿ ಮೀರಿದೆ ಎಂದು ತಕರಾರು ದಾಖಲಿಸಿದವು. ಅಭಿವೃದ್ಧಿಶೀಲ ದೇಶಕ್ಕೆ ಆ ಮಿತಿ ಬೆಳೆಯ ಒಟ್ಟು ಮೌಲ್ಯದ ಶೇ. 10. ಅದನ್ನು ಅಳೆಯುವ ಕ್ರಮ ಮಾತ್ರ ವಿಚಿತ್ರವಾದುದು: ಇಂದಿನ ಬೆಂಬಲ ಬೆಲೆಯನ್ನು 1986ರಿಂದ 88ರವರೆಗಿನ ಅಂತರರಾಷ್ಟ್ರೀಯ ದರದ ಸರಾಸರಿಗೆ ಹೋಲಿಸಬೇಕು. ಜೊತೆಗೆ ಸರ್ಕಾರ ನಿಜವಾಗಿ ಕೊಂಡ ಮಾಲನ್ನಷ್ಟೇ ಲೆಕ್ಕ ಹಿಡಿಯಬೇಕೇ, ದೇಶದಲ್ಲಿ ಬೆಳೆದ ಅಷ್ಟೂ ಮಾಲನ್ನು ಹಿಡಿಯಬೇಕೇ ಎಂಬ ಜಗಳವೂ ಇದೆ. ನಾಲ್ಕು ರಾತ್ರಿ ಸಾಲಿನಲ್ಲಿ ಮಲಗಿ ಅರ್ಧ ಮಾಲನ್ನು ಹೊರಗೆ ಮಾರಿದ ನನ್ನ ಸಂಬಂಧಿಕರ ಆ ಅರ್ಧ ಮಾಲಿಗೂ ಸರ್ಕಾರದ ಬೆಂಬಲ ಸಿಕ್ಕಿದೆ ಎಂದು ಎಣಿಸುವ ವಿಧಾನವನ್ನು ಅವರಿಗೆ ವಿವರಿಸಲು ಒಮ್ಮೆ ಪ್ರಯತ್ನಿಸಿದ್ದೆ. ಅವರು ಸುಮ್ಮನೆ ಅಡಕೆ ಕತ್ತರಿಸುತ್ತ ಕುಳಿತರು.

ವ್ಯಾಪಾರದ ಈ ಜಾಲ ಈ ನೆಲಕ್ಕೆ ಹೊಸದಲ್ಲ. ಕಾಗಿಣಾ ದಂಡೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಬಗ್ಗೆ ಒಂಬತ್ತನೆಯ ಶತಮಾನದ ಅರಬ್ ಬರಹಗಳಲ್ಲಿ ವಿವರಗಳಿವೆ. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹದಿನೈದನೆಯ ಶತಮಾನದಲ್ಲಿ ಕುದುರೆಯೊಂದನ್ನು ಮಾರಲೆಂದು ತಂದು ಬೀದರ್ ಕಂಡು ಹೋದವನು. ಆಗಿನ ವ್ಯಾಪಾರ ಕುದುರೆ, ಬಟ್ಟೆ, ಮುತ್ತುಗಳದ್ದಾಗಿತ್ತು. ದಿನದ ಊಟದ ಬೇಳೆಗೆ ಸಮುದ್ರದಾಚೆಯ ದರ ಅನ್ವಯಿಸುವುದು ನಮ್ಮ ಕಾಲದ ಸಂಗತಿ.

ಊರಿನ ಬದುಕಿನಲ್ಲಿ ಇದರಿಂದ ಏನಾಗಿದೆ ಎಂದರೆ, ಮೊಟ್ಟಮೊದಲು ಕಾಯಬಲ್ಲವರು ಮತ್ತು ಕಾಯಲಾರದವರ ನಡುವಿನ ಅಂತರ ಹಿಗ್ಗಿದೆ. ನಲವತ್ತು ಎಕರೆಯವನು ಮಾಲನ್ನು ಉಗ್ರಾಣದಲ್ಲಿಟ್ಟು ರಸೀದಿಯ ಮೇಲೆ ಸಾಲ ತೆಗೆದು ಆಗಸ್ಟ್‌ವರೆಗೆ ನೋಡುತ್ತಾನೆ. ನಾಲ್ಕು ಎಕರೆಯವನು, ಅದಕ್ಕಿಂತಲೂ ಹೆಚ್ಚಾಗಿ ಬೇರೆಯವರ ಹೊಲವನ್ನು ಲಾವಣಿಗೆ ಹಾಕಿಕೊಂಡವನು, ಬೀಜ ಗೊಬ್ಬರಕ್ಕೆ ಅಡತಿಯವರಿಂದಲೇ ಮುಂಗಡ ತೆಗೆದಿರುತ್ತಾನೆ. ಅವನ ಮಾಲು ರಾಶಿಯಾದ ವಾರದೊಳಗೆ ಗಂಜಿಗೆ ಬರಲೇಬೇಕು. ದರ ಯಾವ ದಿನ ಇಳಿದಿದೆಯೋ ಆ ದಿನವೇ ಅವನ ದಿನ. ಗಂಜಿನಲ್ಲಿ ಈಗ ಟೆಂಡರ್ ಆನ್‌ಲೈನ್ ಆಗಿದೆ, ತೂಕದ ಮೋಸ ತಗ್ಗಿದೆ, ದರ ಎಲ್ಲರಿಗೂ ಕಾಣುತ್ತದೆ. ಆದರೆ ಮುಂಗಡದ ಖಾತೆಯ ಪುಸ್ತಕ ಹಳೆಯದೇ.

ಎರಡನೆಯದು ದಾಲ್ ಮಿಲ್ಲುಗಳದ್ದು. ಕಾಳಿಗೆ ಎಣ್ಣೆ ಹಚ್ಚಿ, ಬಿಸಿಲಿಗೆ ಒಣಗಿಸಿ, ಸಿಪ್ಪೆ ಬಿಡಿಸಿ ಒಡೆದಾಗ ಕ್ವಿಂಟಲ್ ತೊಗರಿಗೆ ಎಪ್ಪತ್ತು ಎಪ್ಪತ್ತೈದು ಕಿಲೋ ಬೇಳೆ ಸಿಗುತ್ತದೆ. ಉಳಿದ ಹೊಟ್ಟು, ನುಚ್ಚು ದನದ ಮೇವಿಗೆ ಹೋಗುತ್ತದೆ. ಕಲಬುರಗಿಯ ನೂರಾರು ಮಿಲ್ಲುಗಳು ಒಂದು ಕಾಲದಲ್ಲಿ ವರ್ಷವಿಡೀ ತಿರುಗುತ್ತಿದ್ದವು. ಆಮದು ಮಾಲು ಬಂದರಿನ ಬಳಿಯೇ ಒಡೆಯಲ್ಪಟ್ಟು ನೇರವಾಗಿ ನಗರಗಳಿಗೆ ಹೋಗತೊಡಗಿದ ಮೇಲೆ ಇಲ್ಲಿನ ಎಷ್ಟೋ ಮಿಲ್ಲುಗಳು ಸುಗ್ಗಿಯ ಕೆಲವು ತಿಂಗಳಿಗೆ ಸೀಮಿತವಾಗಿವೆ, ಕೆಲವು ಬಾಗಿಲು ಹಾಕಿವೆ. ಅಂಗಳದಲ್ಲಿ ಬೇಳೆ ಹರಡಿ, ಆರಿಸಿ, ಹಸನು ಮಾಡುತ್ತಿದ್ದ ಹೆಂಗಸರ ಕೆಲಸ ಮೊದಲು ಹೋಯಿತು, ಹಮಾಲರದ್ದು ನಂತರ. ಆ ಮನೆಗಳ ಗಂಡಸರು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ವಲಸೆಗೆ ತೊಗರಿಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಮಳೆ, ಸಾಲ, ತುಂಡು ಹಿಡುವಳಿ ಎಲ್ಲವೂ ಸೇರಿವೆ. ಆದರೆ ರಾತ್ರಿ ಹೊರಡುವ ರೈಲಿನ ಜನರಲ್ ಡಬ್ಬಿಯಲ್ಲಿ ಫೆಬ್ರುವರಿಯ ನಂತರ ಎಷ್ಟು ಗದ್ದಲವಿರುತ್ತದೆ ಎಂಬುದು ಆ ವರ್ಷದ ತೊಗರಿಯ ದರವನ್ನು ಚೆನ್ನಾಗಿಯೇ ತಿಳಿಸುತ್ತದೆ.

ರೈತರು ಕೈಕಟ್ಟಿ ಕುಳಿತಿಲ್ಲ. ಯಾದಗಿರಿಯಲ್ಲಿ ನೀರು ಕಂಡವರು ಭತ್ತ, ಹತ್ತಿಗೆ, ಬೀದರಿನಲ್ಲಿ ಸೋಯಾಬೀನ್‌ಗೆ, ಕಲಬುರಗಿಯಲ್ಲಿ ಕಬ್ಬಿಗೆ ಹೊರಳಿದ್ದಾರೆ. ಸೋಯಾ, ಹತ್ತಿಗಳ ದರವೂ ಜಾಗತಿಕವೇ ಎಂಬುದು ಬೇರೆ ಮಾತು. ಇನ್ನೊಂದು ದಾರಿ ಹೆಸರಿನದು. ಸುಣ್ಣಕಲ್ಲಿನ ಈ ಸೀಮೆಯ ಮಣ್ಣಿನಿಂದ ಬರುವ ರುಚಿ ಮತ್ತು ಬೇಗ ಬೇಯುವ ಗುಣವನ್ನು ಮುಂದಿಟ್ಟು ಪಡೆದ ಭೌಗೋಳಿಕ ಸೂಚಕ 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ದಕ್ಕಿತು. ಬರ್ಮಾದ ಮಾಲಿಗಿಂತ ಇದು ಬೇರೆ ಎಂದು ಗ್ರಾಹಕನಿಗೆ ತೋರಿಸುವ ಅವಕಾಶ ಅದರಲ್ಲಿದೆ. ಆದರೆ ಗಂಜಿನ ರಾಶಿಯಲ್ಲಿ ಎಲ್ಲರ ಮಾಲೂ ಒಂದೇ ಚೀಲಕ್ಕೆ ಸೇರುವವರೆಗೆ ಆ ಹೆಸರಿನ ಹಣ ಹೊಲದವರೆಗೆ ತಲುಪುವುದು ಕಷ್ಟ. ಹೊಲದಿಂದ ಪೊಟ್ಟಣದವರೆಗೆ ಮಾಲನ್ನು ಬೇರೆಯಾಗಿ ಇಡಬಲ್ಲ ರೈತ ಉತ್ಪಾದಕ ಸಂಘಗಳು ಬೆರಳೆಣಿಕೆಯಷ್ಟಿವೆ.

ಕೇಂದ್ರ ಸರ್ಕಾರ 2025–26ರ ಆಯವ್ಯಯದಲ್ಲಿ ತೊಗರಿ, ಉದ್ದು, ಮಸೂರಗಳಿಗೆ ಒತ್ತು ಕೊಟ್ಟು ಆರು ವರ್ಷಗಳ ಸ್ವಾವಲಂಬನೆಯ ಯೋಜನೆಯನ್ನು ಘೋಷಿಸಿತು. ಅದೇ ಅಕ್ಟೋಬರ್‌ನಲ್ಲಿ ಅದಕ್ಕೆ 11,440 ಕೋಟಿ ರೂಪಾಯಿಗಳ ಒಪ್ಪಿಗೆ ಸಿಕ್ಕಿತು. ನೋಂದಾಯಿಸಿದ ರೈತರು ತಂದಷ್ಟೂ ಮಾಲನ್ನು ನಾಲ್ಕು ವರ್ಷ ಬೆಂಬಲ ಬೆಲೆಗೆ ಕೊಳ್ಳುವ ಭರವಸೆಯೂ ಅದರಲ್ಲಿದೆ. 2025–26ರ ಬೆಂಬಲ ಬೆಲೆ 8,000 ರೂಪಾಯಿ. ಉದ್ದೇಶ ಒಳ್ಳೆಯದು. ಆದರೆ ಒಂದು ಕೈ ಬೆಳೆಯಿರಿ ಎನ್ನುವಾಗ ಇನ್ನೊಂದು ಕೈ ಆಮದಿನ ಅವಧಿಯನ್ನು ಕೊನೆಯ ಗಳಿಗೆಯಲ್ಲಿ ವಿಸ್ತರಿಸುವ ಅಭ್ಯಾಸ ಉಳಿದರೆ 2016ರ ಪಾಠ ಮರುಕಳಿಸಲು ಹೆಚ್ಚು ಕಾಲ ಬೇಕಾಗದು. ತೊಗರಿ ಆರೇಳು ತಿಂಗಳ ಬೆಳೆ. ಬಿತ್ತುವ ರೈತನಿಗೆ ಬೇಕಿರುವುದು ಆ ಆರೇಳು ತಿಂಗಳಲ್ಲಿ ನಿಯಮ ಬದಲಾಗುವುದಿಲ್ಲ ಎಂಬ ಖಾತ್ರಿ. ಎಷ್ಟು ಟನ್ ಬರಲಿದೆ, ಯಾವ ತಿಂಗಳಿನಲ್ಲಿ ಬರಲಿದೆ, ದರ ಎಷ್ಟಕ್ಕಿಂತ ಕೆಳಗಿಳಿದರೆ ಬಾಗಿಲು ತಾನಾಗಿಯೇ ಮುಚ್ಚುತ್ತದೆ ಎಂಬುದನ್ನು ಮೇ ತಿಂಗಳೊಳಗೆ ಪ್ರಕಟಿಸುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ಅದರಿಂದ ಕಲಬುರಗಿಯವನಿಗೆ ಆಗುವಷ್ಟೇ ಉಪಕಾರ ಮೊಜಾಂಬಿಕ್‌ನವನಿಗೂ ಆಗುತ್ತದೆ.

ಆ ಮುಂಜಾನೆ ಕಾಕಾ ಹದಿನೆಂಟು ಚೀಲಗಳಲ್ಲಿ ಹನ್ನೆರಡನ್ನು ಟೆಂಡರಿಗೆ ಬಿಟ್ಟರು. ಉಳಿದ ಆರನ್ನು ಅಡತಿಯವರ ಗೋದಾಮಿನ ಮೂಲೆಗೆ ಹಾಕಿಸಿ, ಚೀಲದ ಮೇಲೆ ತಮ್ಮ ಹೆಸರಿನ ಮೊದಲಕ್ಷರವನ್ನು ಇದ್ದಿಲಿನಿಂದ ಬರೆದರು. ಎಷ್ಟು ದಿನ ಇಡುತ್ತೀರಿ ಎಂದು ಕೇಳಿದೆ. "ಮಗಳ ಫೀಸ್ ಕಟ್ಟೂತನ ಇಡ್ತೀನ್ರಿ" ಎಂದು, ಬಸ್ಸಿನ ಹೊತ್ತಾಯಿತೆಂದು ಟವೆಲ್ ಕೊಡವಿಕೊಂಡು ಎದ್ದರು.